ಕಪಾಟಿನಲ್ಲಿ ಉಳಿದ ಮದುವೆ ಸೀರೆಗಳು

೧೪ ಮೇ ೨೦೨೩, ಕುಷ್ಟಗಿ

ಅಕ್ಕ ಶಿವಲೀಲಾಳ ಮದುವೆ ಮುರಿದಾಗ ಅಂಗಡಿಯವರು ಸೀರೆಗಳನ್ನು ವಾಪಸ್ ಪಡೆಯಲು ಒಪ್ಪಿದ್ದರು. ಒಪ್ಪಲಿಲ್ಲವೆಂದು ಮನೆಯಲ್ಲಿ ಸುಳ್ಳು ಹೇಳಿದವನು ನಾನು. ವಾಪಸ್ ಕೊಟ್ಟಿದ್ದರೆ ಅವನ್ನು ಕೊಂಡಿದ್ದಕ್ಕೆ ನನ್ನ ಕ್ರೆಡಿಟ್ ಕಾರ್ಡಿಗೆ ಬಂದ ಬಹುಮಾನದ ಪಾಯಿಂಟುಗಳು ಹೋಗುತ್ತಿದ್ದವು. ನಾನು ಸುತ್ತಾಡಲು ಹೊರಟಿರುವ ಬ್ಯಾಂಕಾಕಿನ ವಿಮಾನ ಟಿಕೆಟ್ ಬಂದದ್ದು ಆ ಪಾಯಿಂಟುಗಳಿಂದಲೇ. ಅಂದಿನಿಂದ ಅಕ್ಕ ಆ ಸೀರೆಗಳಿರುವ ಕಪಾಟು ತೆರೆದಿಲ್ಲ. ಉಡುವ ಬಟ್ಟೆಯೆಲ್ಲ ಹಗ್ಗದ ಮೇಲೆಯೇ ಹಾಕುತ್ತಾಳೆ.

ಇವತ್ತು ಊಟಕ್ಕೆ ಕೂತಾಗ ಎಲ್ಲ ಹೇಳಿಬಿಟ್ಟೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಸಾಲಿ ಬಿಟ್ಟರೂ ಲೆಕ್ಕ ಛಲೋ ಕಲ್ತಿ ನೋಡು," ಅಂದಳು.

ಟಿಕೆಟ್ ರದ್ದು ಮಾಡಬೇಕೆಂದು ನನಗೆ ಒಮ್ಮೆಯೂ ಅನಿಸಲಿಲ್ಲ. ಅದನ್ನೂ ಹೇಳಿದೆ.

"ಹಂಗಾದ್ರ ಹೋಗೂಮುಂದ ಆ ಸೀರಿ ನಿನ್ನ ಚೀಲದಾಗ ತುಂಬ್ಕೊಂಡು ಹೋಗು. ನನ್ನ ಕಣ್ಣ ಮುಂದ ಇರೂದು ಬ್ಯಾಡ."

ಚೀಲದಲ್ಲಿ ಜಾಗವಿಲ್ಲ. ನಾಳೆ ಬೆಳಿಗ್ಗೆ ಹೊರಡುತ್ತೇನೆ.