ಬಸ್‌ಸ್ಟ್ಯಾಂಡ್ ಗೋಡೆಯ ಕಣ್ಣು

ಅಪ್ಪಾ,

ನೀನು ಹೇಳದೆ ಕೇಳದೆ ಮನೆ ಬಿಟ್ಟು ಹೋದ ಮೇಲೆ ನಿನ್ನ ಬ್ರಷ್‌ಗಳು ನನ್ನ ಪಾಲಿಗೆ ಬಂದವು. ನಾನು ನಿನ್ನ ಹಾಗೆ ಅಂಗಡಿ ಬೋರ್ಡು ಬರೆಯುವುದಿಲ್ಲ, ಮೇಲ್ಸೇತುವೆಯ ಗೋಡೆಗಳ ಮೇಲೆ ದೊಡ್ಡ ದೊಡ್ಡ ಮುಖಗಳನ್ನು ಬಿಡಿಸುತ್ತೇನೆ. ಬಸ್‌ಸ್ಟ್ಯಾಂಡ್ ಹಿಂದಿನ ಗೋಡೆಯಿಂದ ಹಳೇ ಪೋಸ್ಟರ್‌ಗಳನ್ನು ಕಿತ್ತು ತರುತ್ತೇನೆ. ಸೋಪಿನ ಜಾಹೀರಾತಿನ ಕೆನ್ನೆ, ಸಿನಿಮಾದವಳ ತುಟಿ, ಇನ್ಯಾರದೋ ಕಣ್ಣು, ಇವನ್ನೆಲ್ಲ ನೋಡಿಕೊಂಡು ಬರೆದರೆ ಗೋಡೆಯ ಮೇಲೆ ಒಂದು ಮುಖವಾಗುತ್ತದೆ.

ಇವತ್ತು ಒಬ್ಬ ಹೆಂಗಸು ಬಂದು, ನಾನು ಏಣಿ ಇಳಿಯುವವರೆಗೂ ಕಾದು ನಿಂತರು.

“ನನ್ನ ಮಗಳನ್ನ ಎಲ್ಲಿ ನೋಡಿದ್ರಿ?”

“ಇದು ಯಾರೂ ಅಲ್ಲಮ್ಮ, ಸುಮ್ನೆ ಬರೆದಿದ್ದು.”

“ಆ ಕಣ್ಣು ನಂಗೆ ಗೊತ್ತಾಗಲ್ವಾ?”

ಚೀಲದಲ್ಲಿದ್ದ ಆ ಕಣ್ಣಿನ ಪೋಸ್ಟರ್ ಚೂರನ್ನು ತೆಗೆದು ನೋಡಿದೆ. ಕೆಳಗೆ ‘ಕಾಣೆಯಾಗಿದ್ದಾಳೆ’ ಎಂದಿತ್ತು. ಬೋರ್ಡು ಬರೆಯುವವನ ಮಗಳಾಗಿಯೂ ನಾನು ಕಣ್ಣನ್ನಷ್ಟೇ ನೋಡಿದ್ದೆ, ಅಕ್ಷರ ಓದಿರಲಿಲ್ಲ.

ಅದನ್ನು ಕಿತ್ತ ಜಾಗ ತೋರಿಸಲು ಅವರನ್ನು ಕರೆದುಕೊಂಡು ಹೋದೆ.

“ಹರಿದ್ರೆ ಹರೀಲಿ ಬಿಡಮ್ಮ. ನಾನು ವಾರ ವಾರ ಬಂದು ಹೊಸದು ಅಂಟಿಸ್ತೀನಿ,” ಎಂದರು.

ಕಿತ್ತ ಜಾಗದಲ್ಲಿ ಅಡಿಯ ಪೋಸ್ಟರ್ ಕಾಣುತ್ತಿತ್ತು. ನೀನು ಹೋದಾಗ ನಾನೇ ಅಂಟಿಸಿದ್ದು: ನಿನ್ನ ಅರ್ಧ ಗಲ್ಲ, ಅದರ ಕೆಳಗೆ ನನ್ನದೇ ಅಕ್ಷರದಲ್ಲಿ ನಮ್ಮ ಮನೆಯ ಫೋನ್ ನಂಬರ್.

“ಪಾಪ, ಇವರೂ ಯಾರನ್ನೋ ಹುಡುಕ್ತಿದ್ರು. ಸಿಕ್ಕಿದ್ರಾ ಕೇಳೋಣ ತಡಿ,” ಎಂದು ಅವರು ನಂಬರ್ ಒತ್ತಿ ಫೋನನ್ನು ಕಿವಿಗಿಟ್ಟುಕೊಂಡರು.

ಆ ನಂಬರನ್ನು ನಾವು ಬಿಟ್ಟು ಎಷ್ಟೋ ಕಾಲವಾಯಿತು ಎಂದು ನಾನು ಹೇಳಲಿಲ್ಲ. ಪಕ್ಕದಲ್ಲೇ ನಿಂತು ಅವರ ಮುಖ ನೋಡುತ್ತಿದ್ದೆ.

ಅಪ್ಪಾ, ನೀನೂ ಯಾವತ್ತಾದರೂ ಆ ನಂಬರಿಗೆ ಮಾಡಿದ್ದೆಯಾ?