ನೂನಾಳ ಕೊರಳಪಟ್ಟಿಯ ಪತ್ರ

ಉನಲಕ್ಲೀಟ್ ತಂಗುದಾಣ, ಮಂಗಳವಾರ

ಅಪ್ಪಾ,

ನೂನಾಳನ್ನು ವಿಮಾನದಲ್ಲಿ ಮನೆಗೆ ಕಳಿಸುತ್ತಿದ್ದೇನೆ. ಮುಂಗಾಲು ಉಳುಕಿದೆ, ಮುರಿದಿಲ್ಲ. ದಿನಕ್ಕೆರಡು ಸಲ ನೀವಿ, ಮೀನಿನ ಸಾರು ಕುಡಿಸು. ಅಮ್ಮ ಬೈದರೂ ಒಲೆಯ ಹತ್ತಿರವೇ ಮಲಗಿಸು.

ಅವಳು ಕುಂಟತೊಡಗಿದಾಗ ನಾನು ನಾಯಿಬಂಡಿ ಪಂದ್ಯದಲ್ಲಿ ಐದನೆಯವಳು. ಅವಳನ್ನು ಜಾರುಬಂಡಿಯೊಳಗೆ ಮಲಗಿಸಿಕೊಂಡು, ಎಳೆಯುವ ನಾಯಿಗಳಿಗೆ ಭಾರವಾಗದಂತೆ ನಲವತ್ತು ಮೈಲಿ ಬಂಡಿಯನ್ನು ಹಿಂದಿನಿಂದ ತಳ್ಳುತ್ತ ಓಡಿದೆ. ಒಂಬತ್ತು ತಂಡಗಳು ನನ್ನನ್ನು ದಾಟಿ ಹೋದವು. ಇಲ್ಲಿ ತಲುಪಿದಾಗ ಯೆಫಿಮ್ ಮಾವ ಎಲ್ಲರೆದುರು ನಕ್ಕ. "ನಾಯಿ ಬಂಡಿ ಎಳೀಬೇಕು ಕಣೇ, ಕೂತ್ಕೊಂಡು ಸವಾರಿ ಮಾಡೋದಲ್ಲ! ನೀನೂ ಥೇಟ್ ನಿಮ್ಮಪ್ಪನೇ!"

"ಹೂಂ ಮಾವ, ಅವನ ಮಗಳೇ" ಎಂದೆ, ಎಲ್ಲರಿಗೂ ಕೇಳುವ ಹಾಗೆ.

ಬಲಗೈಯ ಎರಡು ಬೆರಳು ಚಳಿಗೆ ಮರಗಟ್ಟಿವೆ. ಎಡಗೈಯಲ್ಲಿ ಬರೆದ ಈ ಸೊಟ್ಟ ಅಕ್ಷರ ಅಮ್ಮನಿಗೆ ತೋರಿಸಬೇಡ. ಉಳಿದ ಹನ್ನೊಂದು ನಾಯಿಗಳೂ ಚೆನ್ನಾಗಿ ತಿನ್ನುತ್ತಿವೆ, ಸಂಜೆ ಹೊರಡುತ್ತೇವೆ.

ಇನ್ನೊಂದು ಮಾತು. ನೀನೂ ಹೀಗೆಯೇ ನಾಯಿಯನ್ನು ಹೊತ್ತು ಕೊನೆಯವನಾಗಿ ಬಂದೆಯಲ್ಲ, ಆಗ ಕೊನೆಯವರಿಗೆಂದು ಕೊಟ್ಟ ಕೆಂಪು ಲಾಂದ್ರ ಕಳೆದುಹೋಗಿರಲಿಲ್ಲ. ಶಾಲೆಯಲ್ಲಿ ನಗುತ್ತಾರೆಂದು ನಾನೇ ಬಚ್ಚಿಟ್ಟಿದ್ದೆ. ಮೀನನ್ನು ಹೊಗೆಯಲ್ಲಿ ಒಣಗಿಸುವ ಗುಡಿಸಲಿನ ತೊಲೆಯ ಮೇಲೆ, ಹಳೆಯ ಬಲೆಗಳ ಹಿಂದೆ ಇದೆ. ಒರೆಸಿ, ಮುಂಬಾಗಿಲಿಗೆ ತೂಗುಹಾಕು.

ನಿನ್ನ ಮಗಳೇ,
ಒಲಿಂಕಾ