ಎರಡು ಬುಟ್ಟಿ ಸೇಬು

ಮನೆಯಿಂದ,
ಶನಿವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ಕೆಮ್ಮು ಬಿಟ್ಟಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಇಲ್ಲ ಟೀ ಕುಡಿದೇ ದಿನ ದೂಡುತ್ತೀಯೋ? ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆಯಲು ಕೈ ಬರುತ್ತಿಲ್ಲ. ಗಾಬರಿಯಾಗಬೇಡ, ಯಾರೂ ಹಾಸಿಗೆ ಹಿಡಿದಿಲ್ಲ. ಆದರೆ ಸೋಮವಾರದಿಂದ ಮೇಸ್ತ್ರಿ ಜೊತೆಗಿಲ್ಲದೆ ನೀನೊಬ್ಬನೇ ಕಾರ್ಖಾನೆಯ ಮೆಷಿನ್ನುಗಳಿಗೆ ವೈರಿಂಗ್ ಮಾಡುತ್ತೀಯೆಂದು ಹೇಳಿದ್ದೆಯಲ್ಲ, ಅದಕ್ಕೆ ಮುಂಚೆ ಈ ಪತ್ರ ನಿನ್ನ ಕೈ ಸೇರಲೇಬೇಕು. ಅದಕ್ಕೇ ಪಕ್ಕದ ಮನೆಯ ಬಸ್ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಮಾಡಿದರೆ ನೀನು ಎರಡು ಜೋಕು ಹೊಡೆದು, "ಆಯ್ತು ಬಿಡಕ್ಕಾ" ಎಂದು ಇಟ್ಟುಬಿಡುತ್ತೀಯ. ಕಾಗದದ ಮಧ್ಯೆ ಬಾಯಿ ಹಾಕಲು ನಿನ್ನಿಂದ ಆಗುವುದಿಲ್ಲ.

ನಿನ್ನ ಸೋದರಳಿಯ ಡುಮ್ಮನಿಂದಲೇ ಶುರು ಮಾಡುತ್ತೇನೆ. ಅವನಿಗೆ ನಾಲ್ಕು ತುಂಬಿತು. ನರ್ಸರಿ ಮಿಸ್ ನನ್ನನ್ನು ಕರೆಸಿ, "ಬಣ್ಣ ಕೇಳಿದ್ರೆ ಬಾಯಿಗೆ ಬಂದಿದ್ದು ಹೇಳ್ತಾನೆ, ತುಂಬಾ ಹಟ. ರಜೇಲಿ ಮನೇಲೇ ಕಲಿಸಿ, ಇಲ್ಲಾಂದ್ರೆ ಇದೇ ಕ್ಲಾಸಲ್ಲಿ ಇನ್ನೊಂದು ವರ್ಷ" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಸರಿ, ಅಡುಗೆಮನೆಯನ್ನೇ ಶಾಲೆ ಮಾಡಿದೆ. ಪುಸ್ತಕ ಕಂಡರೆ ಓಡುವವನು ಸೇಬು ಕಂಡರೆ ಕೂರುತ್ತಾನೆ ಎಂದು ಎಲ್ಲ ಪಾಠವನ್ನೂ ಸೇಬಿನಲ್ಲೇ ಇಟ್ಟುಕೊಂಡೆ. ಬಕೆಟ್ಟಿಗೆ ಹಾಕಿ ತೇಲುತ್ತದೋ ಮುಳುಗುತ್ತದೋ ನೋಡಿದೆವು. ಸೇಬು ತೇಲಿತು, ಪಕ್ಕದಲ್ಲೇ ಆಲೂಗಡ್ಡೆ ಮುಳುಗಿದ್ದಕ್ಕೆ ಪಾಪ ಎಂದು ಅತ್ತುಬಿಟ್ಟ. ಅಡ್ಡಡ್ಡ ಕೊಯ್ದು ಒಳಗಿನ ನಕ್ಷತ್ರ ತೋರಿಸಿದೆ, ಬೀಜ ಎಣಿಸಿದ. ಅರ್ಧ ಹೋಳನ್ನು ಬಣ್ಣದಲ್ಲಿ ಅದ್ದಿ ಕಾಗದದ ಮೇಲೆ ಒತ್ತಿಸಿದೆ. ಕಾಗದ ಮುಗಿದ ಮೇಲೆ ನಿನ್ನ ಭಾವನ ಬಿಳಿ ಅಂಗಿಯ ಮೇಲೂ ಒತ್ತಿದ. ಕಣ್ಣು ಮುಚ್ಚಿಸಿ ಹೋಳು ಬಾಯಿಗಿಟ್ಟರೆ ಹುಳಿ ಯಾವುದು, ಸಿಹಿ ಯಾವುದು ಎಂದು ಥಟ್ಟನೆ ಹೇಳುತ್ತಾನೆ. ದಡ್ಡನಂತೂ ಅಲ್ಲ.

ಗುರುವಾರ ಎರಡು ಬುಟ್ಟಿ ಇಟ್ಟೆ. ಒಂದಕ್ಕೆ ಕೆಂಪು ಸೇಬು, ಇನ್ನೊಂದಕ್ಕೆ ಹಸಿರು. ಕಲಸಿಬಿಟ್ಟ. ಮತ್ತೆ ಸುರಿದೆ, ಮತ್ತೆ ಕಲಸಿದ. ನನ್ನ ತಾಳ್ಮೆಯ ಕಥೆ ನಿನಗೆ ಗೊತ್ತಿದ್ದದ್ದೇ, ದನಿ ಏರಿತು. ಆಗ ಅವನು ಹಟವೇನೂ ಮಾಡಲಿಲ್ಲ. ಒಂದು ಸೇಬನ್ನು ಎತ್ತಿ, ಮೂಸಿ, ಉಗುರಿನಿಂದ ಗೀರಿ, ಮೆಲ್ಲಗೆ ಬುಟ್ಟಿಯ ಮೇಲೆ ಹಿಡಿದು ನನ್ನ ಮುಖ ನೋಡಿದ. ನನ್ನ ಹುಬ್ಬು ಗಂಟಿಕ್ಕಿದರೆ ಪಕ್ಕದ ಬುಟ್ಟಿಗೆ ಹಾಕಿದ. ಒಂದೊಂದಕ್ಕೂ ಹಾಗೇ. ತಮ್ಮಾ, ಮಗು ಅಷ್ಟು ಹೊತ್ತೂ ನನ್ನ ಹುಬ್ಬು ನೋಡಿಕೊಂಡು ಉತ್ತರ ಹೇಳುತ್ತಿತ್ತು. ಪರೀಕ್ಷೆ ಮಾಡೋಣವೆಂದು ಮುಖ ತಿರುಗಿಸಿ ಕೂತೆ. ಬುಟ್ಟಿಗಳು ಮತ್ತೆ ಕಲಸಿಹೋದವು.

ನಿನ್ನೆ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಚುಕ್ಕಿ ಚುಕ್ಕಿಯ ಚಿತ್ರಗಳನ್ನು ತೋರಿಸಿ ನೋಡಿದರು. ಕೆಂಪು, ಹಸಿರು ಎರಡೂ ಅವನಿಗೆ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವಂತೆ. ಹುಟ್ಟಿನಿಂದ ಬಂದದ್ದು, ಔಷಧವಿಲ್ಲ, ಮಿಕ್ಕಂತೆ ಕಣ್ಣು ಚೆನ್ನಾಗಿದೆ, ಮಿಸ್‌ಗೆ ತಿಳಿಸಿದರೆ ಸಾಕು ಎಂದರು. ಅಬ್ಬಾ ಎಂದು ಉಸಿರು ಬಿಡುವಷ್ಟರಲ್ಲಿ ಕೇಳಿದರು: "ಇದು ತಾಯಿ ಕಡೆಯಿಂದ ಬರೋದು. ಮಗುಗೆ ಸೋದರಮಾವ ಇದಾರಾ? ಅವರಿಗೂ ಇರಬಹುದು. ಏನ್ ಕೆಲಸ ಅವರದ್ದು?" ನಾನು ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

ಅಲ್ಲಿಂದ ಇಲ್ಲಿಯವರೆಗೆ ನನಗೆ ತುತ್ತು ಇಳಿದಿಲ್ಲ. ಇರಬಹುದು ಅಂದರೆ ಇರಲೇಬೇಕೆಂದೇನಿಲ್ಲ, ಗೊತ್ತು. ಆದರೆ ಹಿಂದಿನ ವರ್ಕ್‌ಶಾಪಿನವರು "ತಂತಿ ಅದಲುಬದಲು ಮಾಡ್ತಾನೆ, ಗಮನ ಎಲ್ಲೋ" ಎಂದು ನಿನ್ನನ್ನು ಬಿಡಿಸಿದ್ದು ಪದೇಪದೇ ನೆನಪಾಗುತ್ತಿದೆ. ಕೆಂಪು ತಂತಿಯಲ್ಲಿ ಕರೆಂಟು, ಹಸಿರು ತಂತಿ ಅರ್ತಿಂಗಿಗೆ ಎಂದು ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುತ್ತ ನನಗೆ ಹೇಳಿಕೊಟ್ಟವನು ನೀನೇ. ತಪ್ಪಿದರೆ ಮೆಷಿನ್ನಿನ ಮೈಯೆಲ್ಲ ಕರೆಂಟು, ಮುಟ್ಟಿದವನ ಕಥೆ ಮುಗಿಯಿತು ಎಂದವನೂ ನೀನೇ. ಇಷ್ಟು ದಿನ ಮೇಸ್ತ್ರಿ ಪಕ್ಕದಲ್ಲಿದ್ದರು. ಸೋಮವಾರ ಇರುವುದಿಲ್ಲ. ನೀನಾಗಿಯೇ ಅವರಿಗೆ ಹೇಳು, ಕಣ್ಣು ತೋರಿಸಿಕೋ, ಆಮೇಲೆ ತಂತಿ ಮುಟ್ಟು. ನನ್ನಾಣೆ. ಕೆಲಸ ಹೋದರೆ ಹೋಗಲಿ, ಈ ಮನೆಯಲ್ಲಿ ನಿನಗೊಂದು ತಟ್ಟೆ ಹೆಚ್ಚೇನಲ್ಲ.

ನಿನ್ನ ಭಾವ ಕೇಳಿದೆನೆಂದು ಹೇಳು ಎಂದಿದ್ದಾರೆ. ಕಾಗದದ ಮೂಲೆ ಜಿಗುಟಾಗಿರುವುದು ಡುಮ್ಮನ ಮುತ್ತಿನಿಂದ. ಮೈಗೊಂದು ಗೀರು ಬೀಳದಂತೆ, ಆ ದರಿದ್ರ ಜೋಕು ಹೊಡೆದುಕೊಂಡೇ ನೂರು ಕಾಲ ಇರು.

ನಿನ್ನ
ಅಕ್ಕ

ತಾ.ಕ.: ಡ್ರೈವರ್ ಬಾಗಿಲಲ್ಲಿ ನಿಂತಿದ್ದಾರೆ. ಕವರು ಅಂಟಿಸಿದವಳು ಮತ್ತೆ ಬಿಚ್ಚಿದೆ. ನೀನಾಗಿ ಹೇಳುತ್ತೀಯೆಂದು ಕಾಯುವ ಧೈರ್ಯ ಬರಲಿಲ್ಲ ಕಣೋ, ನಿನ್ನ ಮೇಸ್ತ್ರಿಗೆ ಈಗಷ್ಟೇ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ. ಅವರು, "ಓಹೋ, ಅದಕ್ಕೇನಾ ಅಮ್ಮಾ ಅವನು ದಿನಾ 'ಮೊದಲನೇದು ನೀವೇ ಜೋಡಿಸಿ, ನಿಮ್ಮ ಕೈಗುಣ ಚೆನ್ನಾಗಿದೆ' ಅಂತಿದ್ದದ್ದು, ಮಿಕ್ಕಿದ್ದೆಲ್ಲ ಅದನ್ನೇ ನೋಡ್ಕೊಂಡು ಜೋಡಿಸ್ತಿದ್ದದ್ದು? ನಾನು ಗೌರವ ಅಂದ್ಕೊಂಡಿದ್ದೆ" ಎಂದರು. ಅಂದರೆ ನಿನಗೆ ಗೊತ್ತಿತ್ತು. ಗೊತ್ತಿದ್ದೂ ಒಬ್ಬನೇ ಹೋಗಲು ಒಪ್ಪಿಕೊಂಡಿದ್ದೀಯ. ಇನ್ನು ಅವರು ಕಳಿಸುವುದಿಲ್ಲ. ಅಕ್ಕನೇ ಹೊಟ್ಟೆಯ ಮೇಲೆ ಹೊಡೆದಳು ಎಂದು ಊರೆಲ್ಲ ಹೇಳಿಕೊಂಡು ಬಾ, ವರ್ಷಗಟ್ಟಲೆ ಮಾತು ಬಿಡು, ಎಷ್ಟು ಬೇಕಾದರೂ ಸಿಟ್ಟಾಗು. ಸಿಟ್ಟಾಗಲು ನೀನಿರಬೇಕು, ನನಗೆ ಅಷ್ಟೇ.